ಗಾಯವನ್ನೆಲ್ಲ ಬರೆದೆ, ಬೋರ್ಡನ್ನೇ ಬಿಟ್ಟೆ

ನಾನು ಮೈಸೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಕಾಗದ ಓದುತ್ತೇನೆ. ಆರು ವರ್ಷದಿಂದ ಇದೇ ನನ್ನ ಕೆಲಸ. ಅಲ್ಲಿ ಅಪಘಾತದಲ್ಲಿ ಗಾಯವಾದವರು ವಕೀಲರ ಹತ್ತಿರ ಹೋಗುತ್ತಾರೆ. ವಕೀಲರು ಆಸ್ಪತ್ರೆಯಿಂದ ಇಡೀ ಫೈಲ್ ತರಿಸಿ ನಮಗೆ ಕಳಿಸುತ್ತಾರೆ. ನಾವು ಓದಿ, ಯಾವ ದಿನ ಏನಾಯ್ತು, ಯಾವ ಡಾಕ್ಟರು ಏನು ಬರೆದರು, ಎಷ್ಟನೇ ಪುಟದಲ್ಲಿದೆ ಅಂತ ಒಂದು ಪಟ್ಟಿ ಮಾಡಿಕೊಡುತ್ತೇವೆ. ಕ್ರೊನಾಲಜಿ ಅಂತೀವಿ. ಪರಿಹಾರ ಕೇಳಿ ಇನ್ಶೂರೆನ್ಸ್ ಕಂಪನಿಗೆ ಕಳಿಸುವ ಪತ್ರ ನಿಲ್ಲುವುದು ಈ ಪಟ್ಟಿಯ ಮೇಲೆ.

ಇದಕ್ಕೆ ಮೊದಲು ನಾನು ನರ್ಸ್. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಎರಡು ವರ್ಷ ವಾರ್ಡಿನಲ್ಲಿ ದುಡಿದಿದ್ದೆ. ಮುಂದೆ ಹೇಳುವ ತಪ್ಪಿಗೂ ಇದಕ್ಕೂ ಸಂಬಂಧ ಇದೆ, ಅದಕ್ಕೇ ಹೇಳಿದೆ.

ಎರಡು ವರ್ಷದ ಹಿಂದೆ ಕ್ಯಾಲಿಫೋರ್ನಿಯಾದಿಂದ ಒಂದು ಫೈಲ್ ಬಂತು. (ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.) ಮೂವತ್ತರ ಆಸುಪಾಸಿನ ಒಬ್ಬರು ಕೆಲಸ ಮುಗಿಸಿ ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡಿನಲ್ಲಿ, ಅಂದರೆ ಮೇಲೆ ನಿಂತು ಓಡಿಸುವ ಮೋಟರ್ ಇರುವ ಹಲಗೆಯಲ್ಲಿ, ಮನೆಗೆ ಹೋಗುತ್ತಿದ್ದರು. ಇಳಿಜಾರಿನಲ್ಲಿ ಬಿದ್ದರು. ಎಡ ಮಣಿಕಟ್ಟಿನ ಮೂಳೆ ಮುರಿದು ಪ್ಲೇಟ್ ಹಾಕಿದ್ದರು. ಕತ್ತಿನ ಕೆಳಗಿನ ಮೂಳೆಯೂ ಮುರಿದಿತ್ತು. ಹೆಲ್ಮೆಟ್ ಇದ್ದರೂ ತಲೆಯೊಳಗೆ ಸ್ವಲ್ಪ ರಕ್ತ ಸೋರಿತ್ತು. ಫೈಲ್ ಒಟ್ಟು 640 ಪುಟ.

ಮೂರು ಪಾಳಿ ಕೂತು ಪಟ್ಟಿ ಮಾಡಿದೆ. ಸ್ಕ್ಯಾನ್, ಆಪರೇಷನ್, ಫಿಸಿಯೋಥೆರಪಿ, ತಲೆನೋವಿನ ದೂರು, ಕೆಲಸಕ್ಕೆ ಹೋಗದ ದಿನಗಳು, ಒಂದನ್ನೂ ಬಿಡಲಿಲ್ಲ. ಅಪಘಾತ ಹೇಗಾಯ್ತು ಅನ್ನುವ ಕಾಲಮ್ಮಿನಲ್ಲಿ ಮಾತ್ರ ಒಂದೇ ಸಾಲು: ‘ಸ್ಕೇಟ್‌ಬೋರ್ಡಿನಿಂದ ಬಿದ್ದರು.’ ಆಂಬ್ಯುಲೆನ್ಸಿನವರು ಹಾಗೇ ಬರೆದಿದ್ದರು. ತುರ್ತು ವಿಭಾಗದ ಡಾಕ್ಟರು ‘ಲಾಸ್ಟ್ ಕಂಟ್ರೋಲ್’ ಅಂತ ಬರೆದಿದ್ದರು. ಬಿಲ್ಲಿನ ಕೋಡ್ ಕೂಡ ವಿ00.131, ಅಂದರೆ ಸ್ಕೇಟ್‌ಬೋರ್ಡಿನಿಂದ ಬಿದ್ದದ್ದು. ಕಾಲಿನಿಂದ ತಳ್ಳುವ ಮರದ ಹಲಗೆಯೋ, ಮೋಟರ್ ಇರುವ ಬೋರ್ಡೋ ಅಂತ ಆ ಕೋಡ್ ಹೇಳುವುದಿಲ್ಲ. ಮೂರು ಕಡೆ ಒಂದೇ ವಿಷಯ ಇದೆಯಲ್ಲ ಅಂತ ನಾನು ಮುಂದೆ ಹೋದೆ.

ಎರಡು ತಿಂಗಳಿಗೆ ವಕೀಲರ ಕಚೇರಿಯಿಂದ ಮೇಲ್ ಬಂತು. ಎದುರು ಪಕ್ಷದ, ಅಂದರೆ ಬೋರ್ಡ್ ಕಂಪನಿಯ, ಇನ್ಶೂರೆನ್ಸ್‌ನವರು ಉತ್ತರ ಬರೆದಿದ್ದರು. ‘ಬೋರ್ಡ್ ತಾನಾಗಿ ಆಫ್ ಆಯ್ತು ಅನ್ನುವುದು ವಕೀಲರನ್ನು ಕಂಡಮೇಲೆ ಹುಟ್ಟಿದ ಕಥೆ. ಅವತ್ತಿನ ಆಸ್ಪತ್ರೆ ದಾಖಲೆಯಲ್ಲಿ ಹಿಡಿತ ತಪ್ಪಿ ಬಿದ್ದರು ಅಂತಲೇ ಇದೆ.’ ಫೈಲಿನಲ್ಲಿ ಬೇರೆ ಏನಾದರೂ ಇದೆಯಾ, ಇನ್ನೊಮ್ಮೆ ನೋಡಿ ಅಂತ ವಕೀಲರು ಕೇಳಿದ್ದರು.

ಮತ್ತೆ ಮೊದಲ ಪುಟದಿಂದ ಶುರು ಮಾಡಿದೆ. 412ನೇ ಪುಟದಲ್ಲಿ ಸಿಕ್ಕಿತು. ಆಸ್ಪತ್ರೆಯವರು ಪ್ರಿಂಟ್ ಕೊಡುವಾಗ ಪುಟಗಳು ತಾರೀಕಿನ ಪ್ರಕಾರ ಬರುವುದಿಲ್ಲ. ರಕ್ತಪರೀಕ್ಷೆಯ ಹಾಳೆಗಳ ನಡುವೆ ಟ್ರಯಾಜ್ ನರ್ಸಿನ (ಬಂದ ರೋಗಿಯನ್ನು ಮೊದಲು ನೋಡಿ, ಯಾರಿಗೆ ಎಷ್ಟು ತುರ್ತು ಅಂತ ವಿಂಗಡಿಸುವವರು) ನೋಟ್ ಸೇರಿಕೊಂಡಿತ್ತು. ನಾಲ್ಕೇ ಸಾಲು. ಬಿಪಿ, ನಾಡಿ, ನೋವು ಹತ್ತಕ್ಕೆ ಎಂಟು. ಅದರ ಕೆಳಗೆ: ‘ಬೋರ್ಡ್ ತಾನಾಗಿಯೇ ಆಫ್ ಆಯ್ತು, ಬೀಪ್ ಬರಲಿಲ್ಲ ಎಂದು ರೋಗಿ ಹೇಳುತ್ತಾರೆ.’ ಬರೆದ ಹೊತ್ತು, ಅಪಘಾತವಾಗಿ 50 ನಿಮಿಷ.

ಮೊದಲ ಸಲ ಆ ಪುಟ ನೋಡಿದ್ದೆನಾ? ನೋಡಿದ್ದೆ. ಅಲ್ಲಿಂದಲೇ ಬಿಪಿ ಎತ್ತಿಕೊಂಡು ಪಟ್ಟಿಗೆ ಹಾಕಿದ್ದೆ. ಕೆಳಗಿನ ಸಾಲನ್ನು ಬಿಟ್ಟಿದ್ದೆ.

ತುಂಬಾ ಸಂಕಟವಾಯ್ತು. ವಾರ್ಡಿನಲ್ಲಿದ್ದಾಗ ಇಂಥ ಸಾಲುಗಳನ್ನು ನಾನೇ ಎಷ್ಟೋ ಬರೆದಿದ್ದೇನೆ. ಗಾಡಿಯಿಂದ ಇಳಿಸಿದ ಕೂಡಲೇ ರೋಗಿ ಮೊದಲು ಮಾತಾಡುವುದು ನರ್ಸ್ ಹತ್ತಿರ. ಡಾಕ್ಟರು ಬರುವ ಹೊತ್ತಿಗೆ ನೋವಿನ ಇಂಜೆಕ್ಷನ್ ಕೊಟ್ಟಾಗಿರುತ್ತದೆ, ಅರ್ಧ ಮಾತು ಹೋಗಿರುತ್ತದೆ. ನಾವು ಬರೆದದ್ದನ್ನು ಯಾರೂ ಓದುವುದಿಲ್ಲ ಅಂತ ಆಗ ನಮಗೆಲ್ಲ ಬೇಜಾರಿತ್ತು. ಈಗ ಎಲ್ಲೋ ದೂರದಲ್ಲಿ ಒಬ್ಬ ನರ್ಸ್ ಜವಾಬ್ದಾರಿಯಿಂದ ಬರೆದ ಸಾಲನ್ನು ನಾನೇ ದಾಟಿ ಹೋಗಿದ್ದೆ.

ನಮ್ಮ ಟೀಮ್ ಲೀಡ್ ಮೇಡಂ ಬೈಯಲಿಲ್ಲ. ಪಟ್ಟಿಯನ್ನು ಸ್ಕ್ರೀನಿನ ಮೇಲೆ ತೆಗೆದು ನಿಧಾನಕ್ಕೆ ಕೆಳಗಿಳಿಸುತ್ತಾ ಹೇಳಿದರು: ‘ಗಾಯ ಎಲ್ಲಾ ಚೆನ್ನಾಗಿ ಬರ್ದಿದೀಯಮ್ಮ. ಬೋರ್ಡ್ ಏನಾಯ್ತು ಅಂತ ಒಂದು ಮಾತೂ ಇಲ್ವಲ್ಲ.’

ಅವರು ಹೇಳಿದ್ದು ಪೂರ್ತಿ ಅರ್ಥವಾಗಿದ್ದು ಈ ಕೇಸುಗಳ ಕಾನೂನನ್ನು ಕೂತು ಓದಿದಮೇಲೆ. ಸಾಮಾನ್ಯ ರಸ್ತೆ ಅಪಘಾತದಲ್ಲಿ ತಪ್ಪು ಯಾರದ್ದು ಅಂತ ಕೇಳುತ್ತಾರೆ. ಕೆಟ್ಟ ವಸ್ತುವಿನ ಕೇಸಿನಲ್ಲಿ ವಸ್ತುವಿನಲ್ಲೇ ದೋಷ ಇತ್ತಾ ಅಂತ ಕೇಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಗಟ್ಟಿ ಮಾಡಿದ್ದು 1963ರ ಗ್ರೀನ್‌ಮನ್ ಕೇಸ್. ಒಬ್ಬರಿಗೆ ಹೆಂಡತಿ ಕ್ರಿಸ್‌ಮಸ್‌ಗೆ ಮರಗೆಲಸದ ಮೆಷಿನ್ ಕೊಡಿಸಿದ್ದರು. ಕೆಲಸ ಮಾಡುವಾಗ ಅದರಿಂದ ಮರದ ತುಂಡು ಹಾರಿ ಹಣೆಗೆ ಬಡಿಯಿತು. ಮೆಷಿನ್ನಿನ ಭಾಗಗಳನ್ನು ಹಿಡಿದಿಡುವ ಸ್ಕ್ರೂಗಳು ಸಾಲುತ್ತಿರಲಿಲ್ಲ ಅಂತ ತಜ್ಞರು ಹೇಳಿದರು. ಕಂಪನಿಯವರು, ನಮಗೆ ಸಮಯಕ್ಕೆ ನೋಟಿಸ್ ಕೊಡಲಿಲ್ಲ ಅಂತ ವಾದ ಮಾಡಿದರು. ಕೋರ್ಟ್ ಒಪ್ಪಲಿಲ್ಲ. ದೋಷವಿರುವ ವಸ್ತುವನ್ನು ಮಾರುಕಟ್ಟೆಗೆ ಬಿಟ್ಟು ಅದರಿಂದ ಜನಕ್ಕೆ ಗಾಯವಾದರೆ ತಯಾರಿಸಿದವರೇ ಹೊಣೆ ಅಂದಿತು. ಅವರ ಅಜಾಗರೂಕತೆಯನ್ನು ಬೇರೆಯಾಗಿ ತೋರಿಸಬೇಕಾಗಿಲ್ಲ.

ಅದು ಗಾಯಗೊಂಡವರಿಗೆ ದೊಡ್ಡ ಬಲ. ಆದರೆ ದೋಷ ಇತ್ತು ಅನ್ನುವುದನ್ನು ಸಾಮಾನ್ಯವಾಗಿ ಅವರೇ ತೋರಿಸಬೇಕು. ವಿನ್ಯಾಸದ ದೋಷವೋ, ತಯಾರಿಕೆಯಲ್ಲಿ ಆ ಒಂದು ಬೋರ್ಡಿಗೆ ಬಂದ ದೋಷವೋ, ಸರಿಯಾದ ಎಚ್ಚರಿಕೆ ಕೊಡದೇ ಇದ್ದದ್ದೋ, ಈ ಮೂರರಲ್ಲಿ ಒಂದಾದರೂ ಬೇಕು. ಬರೀ ‘ಬಿದ್ದರು’ ಅನ್ನುವ ಪಟ್ಟಿ ಈ ಮೂರಕ್ಕೂ ಉಪಯೋಗಕ್ಕೆ ಬರುವುದಿಲ್ಲ. ‘ತಾನಾಗಿ ಆಫ್ ಆಯ್ತು’ ಅಂದರೆ ಬ್ಯಾಟರಿ ಕಡೆ, ಮೋಟರನ್ನು ನಿಯಂತ್ರಿಸುವ ಕಂಟ್ರೋಲರ್ ಕಡೆ ನೋಡಬೇಕು. ‘ಬೀಪ್ ಬರಲಿಲ್ಲ’ ಅಂದರೆ ಎಚ್ಚರಿಕೆಯ ಕಡೆ ನೋಡಬೇಕು. ನಾನು ಬಿಟ್ಟಿದ್ದು ಆ ಎರಡು ದಾರಿಗಳನ್ನು.

ಈ ಬೋರ್ಡುಗಳು ಹೇಗೆ ಕೈಕೊಡುತ್ತವೆ ಅಂತ ತಿಳಿದಿದ್ದರೆ ಆವತ್ತೇ ಕಣ್ಣಿಗೆ ಬೀಳುತ್ತಿತ್ತೇನೋ. ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್ ಏನೋ ಅಪಾಯ ಕಂಡು ಕರೆಂಟ್ ಕಡಿದುಬಿಡಬಹುದು. ಬ್ಯಾಟರಿಗೆ ಅದು ಒಳ್ಳೆಯದು, ಮೇಲೆ ನಿಂತವರಿಗಲ್ಲ. ಕೈಯಲ್ಲಿರುವ ರಿಮೋಟಿನ ಸಂಪರ್ಕ ತಪ್ಪಬಹುದು. ಬ್ರೇಕ್ ಹಾಕಿದಾಗ ಮೋಟರ್ ಕರೆಂಟನ್ನು ಬ್ಯಾಟರಿಗೆ ವಾಪಸ್ ಕಳಿಸುತ್ತದೆ. ಬ್ಯಾಟರಿ ಪೂರ್ತಿ ತುಂಬಿದ್ದರೆ ಅದಕ್ಕೆ ಜಾಗ ಇರುವುದಿಲ್ಲ. ಆಗಷ್ಟೇ ಚಾರ್ಜ್ ಮಾಡಿಕೊಂಡು ಇಳಿಜಾರಿಗೆ ಹೋದರೆ ಬ್ರೇಕ್ ಸರಿಯಾಗಿ ಹಿಡಿಯದೆ ಹೋಗಬಹುದು. ಹಾಗಾಗಿ ‘ಇಳಿಜಾರು’, ‘ಈಗಷ್ಟೇ ಚಾರ್ಜ್ ಮಾಡಿದ್ದು’ ಅನ್ನುವ ಪದ ಎಲ್ಲಿ ಕಂಡರೂ ಪುಟದ ನಂಬರ್ ಸಮೇತ ಎತ್ತಿಡುತ್ತೇನೆ.

ನಡುವೆ ಒಂದೇ ಚಕ್ರ ಇರುವ ಬೋರ್ಡುಗಳ ಸಮಸ್ಯೆ ಬೇರೆ. ಅಲ್ಲಿ ಸವಾರರನ್ನು ನೆಟ್ಟಗೆ ನಿಲ್ಲಿಸುವುದೇ ಮೋಟರ್. ಅದರ ಶಕ್ತಿ ಮುಗಿದ ಕ್ಷಣ ಮುಂಭಾಗ ನೆಲಕ್ಕೆ ಬಡಿಯುತ್ತದೆ, ಮೇಲಿದ್ದವರು ಮುಂದಕ್ಕೆ ಹಾರುತ್ತಾರೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2022ರ ನವೆಂಬರಿನಲ್ಲಿ ಈ ಬಗೆಯ, ಒನ್‌ವೀಲ್ ಅನ್ನುವ ಹೆಸರಿನ ಬೋರ್ಡುಗಳನ್ನು ಬಳಸಬೇಡಿ ಅಂತ ಜನರನ್ನು ಎಚ್ಚರಿಸಿತು. 2023ರ ಸೆಪ್ಟೆಂಬರಿನಲ್ಲಿ ಸುಮಾರು 3 ಲಕ್ಷ ಬೋರ್ಡುಗಳ ರೀಕಾಲ್ ಆಯ್ತು. 2019ರಿಂದ 2021ರ ನಡುವೆ ನಾಲ್ಕು ಸಾವು ವರದಿಯಾಗಿದ್ದವು, ಎಲ್ಲವೂ ತಲೆಗೆ ಪೆಟ್ಟು ಬಿದ್ದು. ಹೊಸ ಮಾಡೆಲ್‌ಗಳಿಗೆ, ಮಿತಿ ಹತ್ತಿರವಾದರೆ ಕಾಲಿಗೆ ತಿಳಿಯುವ ಹಾಗೆ ನಡುಗಿ ಎಚ್ಚರಿಸುವ ಸಾಫ್ಟ್‌ವೇರ್ ಅಪ್‌ಡೇಟ್ ಕೊಟ್ಟರು. ಆ ಬೋರ್ಡಿನ ಮೇಲೆ ಅಲ್ಲಲ್ಲಿ ಹೂಡಿದ್ದ ಫೆಡರಲ್ ಕೇಸುಗಳನ್ನು 2023ರ ಡಿಸೆಂಬರಿನಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿನಲ್ಲಿ ಒಂದೇ ಕಡೆ ಸೇರಿಸಿದರು.

ಆ ಅಪ್‌ಡೇಟಿನ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಓಡಿಸುವ ಬೋರ್ಡಿಗೆ ಅಪ್‌ಡೇಟ್ ಹಾಕಲೇಬೇಕು. ಆದರೆ ಅಪಘಾತವಾದ ಬೋರ್ಡನ್ನು ಫೋನಿಗೆ ಜೋಡಿಸಲೂ ಬಾರದು. ಅವತ್ತು ಅದರಲ್ಲಿ ಯಾವ ಸಾಫ್ಟ್‌ವೇರ್ ಇತ್ತು ಅನ್ನುವುದೇ ಸಾಕ್ಷಿ. ಒಂದು ಬೆರಳು ತಾಗಿದರೆ ಅದು ಹೋಗಬಹುದು.

ನಮ್ಮ ಫೈಲಿನವರ ಬೋರ್ಡ್ ಉಳಿದಿತ್ತು. ಅದಕ್ಕೆ ಅವರ ಹೆಂಡತಿ ಕಾರಣ. ಗೆಳೆಯರೊಬ್ಬರು ರಿಪೇರಿ ಮಾಡಿಕೊಡ್ತೀನಿ ಅಂದರೂ ಕೊಡದೆ, ರಟ್ಟಿನ ಡಬ್ಬಕ್ಕೆ ಹಾಕಿ ಗ್ಯಾರೇಜಿನಲ್ಲಿ ಇಟ್ಟಿದ್ದರಂತೆ. ಫೋಟೋ ನೋಡಿದೆ. ಕಾಲಿಡುವ ಕಪ್ಪು ಒರಟು ಹಾಳೆಯ ಮೇಲೆ ರಕ್ತ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲೇ ಚಾರ್ಜರ್, ರಿಮೋಟ್, ಬಿರುಕು ಬಿಟ್ಟ ಹೆಲ್ಮೆಟ್, ಖರೀದಿ ಬಿಲ್ಲು. ಪೆಟ್ಟಾದ ಲಿಥಿಯಂ ಬ್ಯಾಟರಿ ಬೆಂಕಿ ಹೊತ್ತಿಕೊಳ್ಳಬಹುದು ಅಂತ ವಕೀಲರು ಆಮೇಲೆ ಅದನ್ನು ಸುರಕ್ಷಿತವಾದ ಕಡೆಗೆ ಸಾಗಿಸಿದರು. ಎರಡೂ ಪಕ್ಷದ ಎಂಜಿನಿಯರುಗಳು ಎದುರುಬದುರು ನಿಂತು, ಮೊದಲೇ ಒಪ್ಪಿ ಬರೆದುಕೊಂಡ ಕ್ರಮದಲ್ಲೇ ಅದನ್ನು ಬಿಚ್ಚಿದರು. ಬಿಚ್ಚುವ ಮೊದಲು ಎಕ್ಸ್-ರೇ ತೆಗೆದರು. ಮನುಷ್ಯರಿಗೆ ಮಾಡಿದ ಹಾಗೇ.

ಅದೇ ವರ್ಷ ಬಂದ ಇನ್ನೊಂದು ಫೈಲಿನಲ್ಲಿ ಹೀಗಾಗಲಿಲ್ಲ. ಆ ಹುಡುಗ ಬಿದ್ದ ವಾರದಲ್ಲೇ ಬೋರ್ಡನ್ನು ವಾರಂಟಿಗೆ ಅಂತ ತಯಾರಿಸಿದವರಿಗೇ ಕಳಿಸಿದ್ದ. ಅವರು ಹೊಸದು ಕೊಟ್ಟರು. ಅವನಿಗೆ ಖುಷಿಯೇ ಆಗಿತ್ತು. ಹಳೆಯದು ಮತ್ತೆ ಸಿಗಲೇ ಇಲ್ಲ. ಅವನ ಕೈ ಈಗಲೂ ಪೂರ್ತಿ ಮೇಲೆ ಏಳುವುದಿಲ್ಲ ಅಂತ ಕೊನೆಯ ಫಿಸಿಯೋಥೆರಪಿ ನೋಟಿನಲ್ಲಿದೆ. ಕೇಸ್ ಮುಂದಕ್ಕೆ ಹೋಗಲಿಲ್ಲ.

ಬೋರ್ಡ್ ತಯಾರಿಸಿದವರು ಎಲ್ಲಿದ್ದಾರೆ ಅಂತಲೇ ತಿಳಿಯದ ಫೈಲುಗಳೂ ಬರುತ್ತವೆ. ಆನ್‌ಲೈನಿನಲ್ಲಿ ಕೊಂಡದ್ದು, ಮಾರಿದ ಹೆಸರಿನ ಅಂಗಡಿ ಆಮೇಲೆ ಮಾಯ. ಅಂಥಲ್ಲಿ 2021ರ ಒಂದು ತೀರ್ಪನ್ನು ವಕೀಲರು ತುಂಬಾ ನೆನೆಸುತ್ತಾರೆ. ಹೋವರ್‌ಬೋರ್ಡಿಗೆ (ಮೇಲೆ ನಿಂತು ಓಡಿಸುವ, ಎರಡು ಚಕ್ರದ ಬ್ಯಾಟರಿ ಬೋರ್ಡು) ಬೆಂಕಿ ಹತ್ತಿ ಮನೆಯವರಿಗೆ ಸುಟ್ಟ ಗಾಯವಾಗಿತ್ತು. ಮಾರಿದ್ದು ನಾವಲ್ಲ, ನಮ್ಮ ತಾಣದಲ್ಲಿ ಬೇರೆಯವರು ಅಂತ ಅಮೆಜಾನ್ ವಾದಿಸಿತು. ಅಷ್ಟಕ್ಕೇ ಹೊಣೆ ತಪ್ಪುವುದಿಲ್ಲ ಅಂತ ಕ್ಯಾಲಿಫೋರ್ನಿಯಾದ ಮೇಲ್ಮನವಿ ಕೋರ್ಟ್ ಹೇಳಿತು. ಅದಕ್ಕೇ ಆರ್ಡರ್ ಮಾಡಿದ ಇಮೇಲ್ ಕೂಡ ಮುಖ್ಯ.

ಗಾಯಗೊಂಡವರಿಗೆ ಅನುಕೂಲವಾದದ್ದನ್ನು ಮಾತ್ರ ಪಟ್ಟಿಗೆ ಹಾಕುವುದು ನಮ್ಮ ಕೆಲಸವಲ್ಲ. ಹೆಲ್ಮೆಟ್ ಇತ್ತಾ, ಕುಡಿದಿದ್ದರಾ, ಎಷ್ಟು ವೇಗ ಇತ್ತು, ಎಲ್ಲವನ್ನೂ ಹಾಕಬೇಕು. ಕ್ಯಾಲಿಫೋರ್ನಿಯಾದಲ್ಲಿ 2016ರ ಜನವರಿಯಿಂದ ಎಲೆಕ್ಟ್ರಿಕ್ ಬೋರ್ಡಿಗೆ ಪ್ರತ್ಯೇಕ ಕಾನೂನಿದೆ. ಸವಾರರಿಗೆ 16 ವರ್ಷ ಆಗಿರಬೇಕು, ಹೆಲ್ಮೆಟ್ ಕಡ್ಡಾಯ, ಗಂಟೆಗೆ 15 ಮೈಲಿ ಮೀರಬಾರದು. ಅದು ನಮ್ಮ ಲೆಕ್ಕದಲ್ಲಿ 24 ಕಿ.ಮೀ. ಸವಾರರದ್ದೂ ತಪ್ಪಿದ್ದರೆ ಅಷ್ಟು ಪಾಲು ಪರಿಹಾರ ಕಡಿಮೆಯಾಗುತ್ತದೆ. ನಮ್ಮವರ ರಕ್ತದಲ್ಲಿ ಮದ್ಯ ಇರಲಿಲ್ಲ. ಕೈಗಡಿಯಾರದಲ್ಲಿ ದಾಖಲಾದ ವೇಗ 22 ಕಿ.ಮೀ., ಅಲ್ಲಿಂದ ನೇರ ಸೊನ್ನೆ. ಕಷ್ಟದ ವಿಷಯವನ್ನು ನಾವು ಮುಚ್ಚಿಟ್ಟರೆ ಎದುರಿನವರು ತೆಗೆದೇ ತೆಗೆಯುತ್ತಾರೆ, ಆಗ ವಕೀಲರಿಗೆ ಉತ್ತರ ಹುಡುಕಲು ಸಮಯ ಇರುವುದಿಲ್ಲ. ಸಮಯವೂ ಅಲ್ಲಿ ಜಾಸ್ತಿ ಇಲ್ಲ. ಗಾಯದ ಕೇಸ್ ಹೂಡಲು ಸಾಮಾನ್ಯವಾಗಿ ಎರಡು ವರ್ಷ ಅಷ್ಟೇ.

ಇದೆಲ್ಲ ಅಮೆರಿಕದ್ದು, ನಮಗೇನು ಅಂತ ಆಫೀಸಿನಲ್ಲಿ ಹೊಸಬರು ಕೇಳುತ್ತಾರೆ. ನಮ್ಮಲ್ಲೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷವಿರುವ ವಸ್ತುವಿಗೆ ತಯಾರಿಸಿದವರನ್ನೂ ಮಾರಿದವರನ್ನೂ ಹೊಣೆ ಮಾಡುವ ಅಧ್ಯಾಯವೇ ಇದೆ. 2020ರ ಜುಲೈನಿಂದ ಜಾರಿಯಲ್ಲಿದೆ. ದೂರು ಕೊಡಲು ಇಲ್ಲೂ ಎರಡು ವರ್ಷ. ಹೋದ ವರ್ಷ ಪಕ್ಕದ ಸೀಟಿನ ಹುಡುಗಿಯ ಅಣ್ಣ ಎಲೆಕ್ಟ್ರಿಕ್ ಸ್ಕೂಟರಿನಿಂದ ಬಿದ್ದರು, ಚಕ್ರ ಇದ್ದಕ್ಕಿದ್ದ ಹಾಗೆ ಜಾಮ್ ಆಗಿ. ಗಾಡಿ ತಂದುಬಿಡಿ, ಫ್ರೀಯಾಗಿ ಸರಿ ಮಾಡ್ತೀವಿ ಅಂತ ಶೋರೂಮಿನಿಂದ ಫೋನ್. ‘ಸುಮ್ನೆ ಕೊಟ್ಟುಬಿಡಬೇಡಿ ಅಂತ ಅಣ್ಣನಿಗೆ ಹೇಳಮ್ಮ’ ಅಂದೆ. ಅವರು ಮೊದಲು ವಿಡಿಯೋ ಮಾಡಿಕೊಂಡರು, ಜಾಬ್ ಕಾರ್ಡಿನಲ್ಲಿ ‘ಚಕ್ರ ಜಾಮ್’ ಅಂತ ಬರೆಸಿ ಸಹಿ ಹಾಕಿಸಿಕೊಂಡರು. ತೆಗೆದ ಭಾಗಗಳನ್ನೂ ವಾಪಸ್ ಕೇಳಿ ತಂದರು.

ಆ ನರ್ಸಿನ ಸಾಲು ಸಿಕ್ಕಮೇಲೆ ವಕೀಲರು ಇನ್ನೊಂದು ಪತ್ರ ಬರೆದರು. ವಕೀಲರನ್ನು ನೋಡುವುದಕ್ಕೆ ಎಷ್ಟೋ ದಿನ ಮೊದಲು, ಅಪಘಾತವಾಗಿ ಗಂಟೆಯೊಳಗೆ, ನೋವಿನಲ್ಲಿದ್ದಾಗ ಹೇಳಿದ ಮಾತು ಅದು. ‘ಆಮೇಲೆ ಹುಟ್ಟಿದ ಕಥೆ’ ಅನ್ನುವ ವಾದ ಮತ್ತೆ ಬರಲಿಲ್ಲ. ಕೊನೆಗೆ ಎಷ್ಟಕ್ಕೆ ಒಪ್ಪಂದವಾಯ್ತು ಅನ್ನುವುದು ನಮ್ಮವರೆಗೆ ಬರುವುದಿಲ್ಲ. ಫೈಲ್ ಮುಚ್ಚಿದೆ ಅಂತ ಮಾತ್ರ ತಿಳಿಸಿದರು.

ಆವತ್ತಿನಿಂದ ನನ್ನ ಪಟ್ಟಿಯಲ್ಲಿ ಒಂದು ಕಾಲಮ್ ಹೆಚ್ಚಾಗಿದೆ. ವಸ್ತುವಿನ ಬಗ್ಗೆ ಯಾರು ಏನೇ ಬರೆದಿದ್ದರೂ ಅವರದ್ದೇ ಪದಗಳಲ್ಲಿ, ಹೊತ್ತು ಮತ್ತು ಪುಟದ ನಂಬರ್ ಸಮೇತ. ಕಳೆದ ವಾರ 880 ಪುಟದ ಹೊಸ ಫೈಲ್ ಬಂತು. ಸ್ಕ್ಯಾನ್ ರಿಪೋರ್ಟುಗಳನ್ನು ಪಕ್ಕಕ್ಕಿಟ್ಟು ಮೊದಲು ಟ್ರಯಾಜ್ ನೋಟ್ ಹುಡುಕಿದೆ. 203ನೇ ಪುಟದಲ್ಲಿತ್ತು. ‘ಬ್ರೇಕ್ ಒತ್ತಿದೆ, ನಿಲ್ಲಲಿಲ್ಲ, ಬೆಳಿಗ್ಗೆ ತಾನೇ ಫುಲ್ ಚಾರ್ಜ್ ಮಾಡಿದ್ದೆ.’ ಹೊತ್ತು ಬರೆದುಕೊಂಡು, ಹಾಗೇ ಅಕ್ಷರ ಅಕ್ಷರ ಇಳಿಸಿಕೊಂಡೆ.