ನೂರು ಸಲ ನೋಡಿರೋ ದೆವ್ವದ ಸಿನಿಮಾನ ಮತ್ತೆ ಯಾಕೆ ನೋಡ್ತೀರಾ? ಅದೂ ಅನ್ನ ಸಾರು ಇಟ್ಕೊಂಡು?

ಆಫೀಸಲ್ಲಿ ಕೇಳ್ತಾರೆ, ಮದುವೆ ಮನೇಲಿ ಸಿಕ್ಕ ನೆಂಟರು ಕೇಳ್ತಾರೆ, ಕೆಳಗಿನ ಮನೆ ಓನರ್ ಆಂಟಿ ಅಂತೂ ಶನಿವಾರ ರಾತ್ರಿ ನಮ್ಮನೆಯಿಂದ ಕಿರುಚಾಟ ಕೇಳಿಸಿದ್ರೆ ಭಾನುವಾರ ಬೆಳಗ್ಗೆ ಮೆಟ್ಟಿಲ ಹತ್ರ ನಿಲ್ಲಿಸ್ಕೊಂಡು ಕೇಳ್ತಾರೆ. ತಿಪಟೂರಲ್ಲಿ ಒಂದೇ ಬೀದೀಲಿ ಬೆಳೆದು ಈಗ ಬೆಂಗಳೂರಿನ ನಾಲ್ಕು ದಿಕ್ಕಲ್ಲಿ ಇರೋ ನಾವು ನಾಲ್ಕು ಜನ ತಿಂಗಳಿಗೆ ಎರಡು ಶನಿವಾರ ನಮ್ಮನೇಲಿ ಸೇರ್ತೀವಿ, ಅನ್ನ ಸಾರು ಮಾಡ್ಕೊತೀವಿ, ಚಿಕ್ಕವರಿದ್ದಾಗ ನೋಡಿದ್ದ ದೆವ್ವದ ಸಿನಿಮಾ ಯಾವ್ದಾದ್ರೂ ಒಂದು ಹಾಕ್ಕೊಂಡು ಕೂತ್ಕೊತೀವಿ. ಇಷ್ಟೇ ವಿಷಯ. "ಅಲ್ಲಾ, ನೂರು ಸಲ ನೋಡಿರೋದನ್ನೇ ಮತ್ತೆ ಏನು ನೋಡ್ತೀರಾ? ನೋಡೋದೇ ಆದ್ರೆ ಪಿಜ್ಜಾ ಗಿಜ್ಜಾ ತರಿಸ್ಕೊಂಡು ಆರಾಮಾಗಿ ನೋಡಬಾರ್ದಾ, ಆ ಹೊತ್ತಲ್ಲಿ ಸಾರು ಯಾಕೆ ಕುದಿಸ್ತೀರಾ?" ಇದೇ ಪ್ರಶ್ನೆ, ಎಲ್ಲರದ್ದೂ.

ಮೆಟ್ಟಿಲ ಮೇಲೆ ನಿಂತ್ಕೊಂಡು ಹೇಳಿ ಮುಗಿಸೋ ಉತ್ತರ ಅಲ್ಲ ಇದು, ಅದಕ್ಕೇ ಇಲ್ಲಿ ಕೂತು ಬರೀತಿದೀನಿ.

ಮೊದಲು ಆ "ನೂರು ಸಲ" ಅನ್ನೋದನ್ನ ಸರಿ ಮಾಡ್ತೀನಿ. ನೂರು ಸಲ ನೋಡಿಲ್ಲ ನಾವು. ಒಂದು ಸಲಾನೂ ಪೂರ್ತಿ ನೋಡಿರ್ಲಿಲ್ಲ. ಇದು ನಮಗೇ ಗೊತ್ತಿರ್ಲಿಲ್ಲ, ಮೂರು ವರ್ಷದ ಹಿಂದೆ ಒಂದು ಮಳೆ ಶನಿವಾರ ಸುಮ್ನೆ ಮಾತಿಗೆ ಮಾತು ಬಂದು "ನಾ ನಿನ್ನ ಬಿಡಲಾರೆ" ಹಾಕಿದಾಗ ಗೊತ್ತಾಗಿದ್ದು. 1979ರ ಸಿನಿಮಾ ಅದು, ನಾವು ಹುಟ್ಟೋಕ್ಕಿಂತ ಮುಂಚೆದು, ನಮಗೆ ಸಿಕ್ಕಿದ್ದು ತೊಂಬತ್ತರ ದಶಕದಲ್ಲಿ, ದೂರದರ್ಶನದಲ್ಲಿ, ಭಾನುವಾರ ಸಂಜೆ. ಟೀವಿ ನಮ್ಮನೇಲಿತ್ತು, ಬೀದಿ ಮಕ್ಕಳೆಲ್ಲ ನಮ್ಮ ಹಾಲ್‌ನಲ್ಲಿ ಚಾಪೆ ಮೇಲೆ. ಅನಂತ್ ನಾಗ್ ಮೈಮೇಲೆ ಕಾಮಿನಿ ದೆವ್ವ ಬರುತ್ತಲ್ಲ, ಅಲ್ಲಿಂದ ಮುಂದಕ್ಕೆ ಯಾರೂ ನೆಟ್ಟಗೆ ಕೂತಿಲ್ಲ. ಮೂಲೆಮನೆಯವಳು ದಿಂಬು ಮುಖಕ್ಕೆ ಒತ್ಕೊಂಡು ಬಿಡೋಳು. ಮೇಷ್ಟ್ರ ಮಗನಿಗೆ ಕರೆಕ್ಟಾಗಿ ಅದೇ ಟೈಮಿಗೆ ಬಾಯಾರಿಕೆ ಆಗೋದು, ಎದ್ದು ಅಡುಗೆಮನೆಗೆ ಹೋಗಿ ನೀರು ಕುಡೀತಾ ನಿಂತ್ಕೊಳ್ಳೋನು. ಕೊಬ್ಬರಿ ಮಂಡಿಯವ್ರ ಮಗ ಕಣ್ಣು ಮುಚ್ಚುತ್ತಿರ್ಲಿಲ್ಲ, ಕಿವಿ ಮುಚ್ಚಿಕೊಳ್ಳೋನು. ನಾನು ಟೀವಿ ಮನೆಯವಳು, ಹೆದರೋ ಹಾಗಿಲ್ಲ, ಅದಕ್ಕೆ ಕಣ್ಣು ಬಿಟ್ಕೊಂಡೇ ಟೀವಿ ಮೇಲಿಟ್ಟಿದ್ದ ಪ್ಲಾಸ್ಟಿಕ್ ಹೂವಿನ ಕುಂಡ ನೋಡ್ತಿದ್ದೆ. ಅದರ ಹೂವು ಹನ್ನೊಂದು, ಎಲೆ ಎಷ್ಟು ಅಂತಾನೂ ಇವತ್ತಿಗೂ ಹೇಳಬಲ್ಲೆ. ಇನ್ನು ಉಳಿದಿದ್ದನ್ನ ಕರೆಂಟ್ ತಿಂದು ಹಾಕ್ತಿತ್ತು.

ಹಾಗಾಗಿ ಆ ಮಳೆ ಶನಿವಾರ ನಾಲ್ಕು ಜನಾನೂ ಒಂದೊಂದು ಬೇರೆ ಸಿನಿಮಾ ಜ್ಞಾಪಕ ಇಟ್ಕೊಂಡು ಬಂದಿದ್ವಿ. ಕಿವಿ ಮುಚ್ಚಿಕೊಳ್ತಿದ್ದವನಿಗೆ ರಾಜನ್-ನಾಗೇಂದ್ರ ಅವರ ಆ ಹಿನ್ನೆಲೆ ಸಂಗೀತ ಹೇಗಿದೆ ಅಂತಾನೇ ಗೊತ್ತಿರ್ಲಿಲ್ಲ, ಬರೀ ಮುಖ ಗೊತ್ತಿತ್ತು. ಮೂಲೆಮನೆಯವಳಿಗೆ ಬರೀ ಸದ್ದು ಗೊತ್ತಿತ್ತು, ಮುಖ ಅವಳೇ ಕಲ್ಪಿಸ್ಕೊಂಡಿದ್ಲು, ಅದು ಸಿನಿಮಾದಲ್ಲಿ ಇರೋದಕ್ಕಿಂತ ಭಯಂಕರ. ಮಂತ್ರಾಲಯ, ರಾಯರು, ಲಕ್ಷ್ಮಿ ಗಂಡನ್ನ ಉಳಿಸ್ಕೊಳ್ಳೋಕೆ ಪಡೋ ಪಾಡು, ಇದೆಲ್ಲಾ ನನಗೆ ಅಮ್ಮ ಬಾಯಲ್ಲಿ ಹೇಳಿದ ಕಥೆಯಾಗಿ ಮಾತ್ರ ಗೊತ್ತಿತ್ತು. ಒಬ್ಬೊಬ್ಬರೂ ಬಿಟ್ಟಿದ್ದ ತುಂಡು ಸೇರಿಸ್ಕೊಂಡು ಅವತ್ತು ಮೊದಲನೇ ಸಲ ಪೂರ್ತಿ ಸಿನಿಮಾ ನೋಡಿದ್ವಿ, ಮೂವತ್ತು ದಾಟಿದ ಮೇಲೆ.

ಆಮೇಲೆ ಹೇಳ್ತೀನಿ ಕೇಳಿ, ಅನಂತ್ ನಾಗ್ ಅದರಲ್ಲಿ ಮಾಡಿರೋದು ಅಷ್ಟಿಷ್ಟು ಕೆಲಸ ಅಲ್ಲ. ದೆವ್ವದ ಸಿನಿಮಾ ಅಂದ್ರೆ ಹೆಂಗಸಿನ ಮೈಮೇಲೆ ಬರಬೇಕು, ಕೂದಲು ಬಿಚ್ಚಿ ಹಾಕ್ಬೇಕು, ಗಂಡಸು ಹೋಗಿ ಮಂತ್ರವಾದಿನ ಕರ್ಕೊಂಡು ಬರಬೇಕು. ಇಲ್ಲಿ ಉಲ್ಟಾ. ಗಂಡಸಿನ ಮೈಮೇಲೆ ಬಂದಿದೆ, ಹೆಂಡತಿ ಹೋರಾಡ್ತಿದಾಳೆ. ಅಷ್ಟು ಚೆನ್ನಾಗಿರೋ ಮುಖ, ಮೃದು ಮಾತಿನ ಮನುಷ್ಯ, ಅವನ ಕಣ್ಣು ಬದಲಾಗೋದು ನೋಡ್ಬೇಕು. ಗ್ರಾಫಿಕ್ಸ್ ಇಲ್ಲ ಏನಿಲ್ಲ, ಬರೀ ಮುಖ. ಚಿಕ್ಕ ವಯಸ್ಸಲ್ಲಿ ನಾನು ಅದನ್ನ ನೋಡದೇ ಹೂವು ಎಣಿಸಿದ್ದು ಎಷ್ಟು ದೊಡ್ಡ ನಷ್ಟ ಅಂತ ನಿಜವಾಗ್ಲೂ ಬೇಜಾರಾಯ್ತು.

ಈಗ ಸಾರಿನ ವಿಷಯ. ಇದಕ್ಕೂ ಕಾರಣ ಇದೆ, ಅದೂ ಅನುಭವದಿಂದ ಬಂದಿದ್ದು.

ಮೊದಲನೇ ಸಲ ನಾವು ಖಾರಾಪುರಿ ಇಟ್ಕೊಂಡಿದ್ವಿ. ಪುರಿ, ಹುರಿದ ಕಡ್ಲೆಬೀಜ, ಈರುಳ್ಳಿ, ತುರಿದ ಕ್ಯಾರೆಟ್ಟು, ಖಾರದಪುಡಿ, ಮೇಲೆ ಒಂಚೂರು ಕೊಬ್ಬರಿ ಎಣ್ಣೆ. ರುಚಿ ಏನೋ ಸಖತ್ತು, ಆದ್ರೆ ದೆವ್ವದ ಸಿನಿಮಾದಲ್ಲಿ ಜೀವ ಇರೋದು ಸದ್ದಿಲ್ಲದ ಜಾಗದಲ್ಲಿ, ಬಾಗಿಲು ತೆಗೆಯೋಕೆ ಮುಂಚಿನ ಆ ನಾಲ್ಕು ಸೆಕೆಂಡಲ್ಲಿ, ಅಲ್ಲಿ ನಾಲ್ಕು ಬಾಯಿ ಕರುಮ್ ಕುರುಮ್ ಅಂತಿದ್ರೆ ಎಲ್ಲಾ ಹೋಯ್ತು. ಹಪ್ಪಳಾನೂ ಅದಕ್ಕೇ ಕ್ಯಾನ್ಸಲ್, ಇಂಟರ್ವಲ್ ತನಕ ಯಾರೂ ಮುಟ್ಟೋ ಹಾಗಿಲ್ಲ. ಹೊರಗಿಂದ ತರಿಸಿದ್ರೆ ಡೆಲಿವರಿ ಹುಡುಗ ಸರಿಯಾಗಿ ಕ್ಲೈಮ್ಯಾಕ್ಸಲ್ಲಿ ಬೆಲ್ ಹೊಡೀತಾನೆ, ಪಾಪ ಅವನ ತಪ್ಪಲ್ಲ. ಉಪ್ಪಿಟ್ಟು ಪರವಾಗಿಲ್ಲ, ಸದ್ದು ಮಾಡಲ್ಲ, ಒಂದು ಲೋಟ ರವೆಗೆ ಎರಡೂವರೆ ಲೋಟ ನೀರು ಹಾಕಿದ್ರೆ ಹದವಾಗಿ ಬರುತ್ತೆ, ಆದ್ರೆ ಚಮಚದಲ್ಲಿ ತಿಂತಾರೆ, ಒಂದು ಕೈ ಖಾಲಿ ಇರುತ್ತೆ, ಖಾಲಿ ಇರೋ ಕೈ ಸೀದಾ ಕಣ್ಣಿಗೆ ಹೋಗುತ್ತೆ.

ಅನ್ನ ಸಾರು ಹಾಗಲ್ಲ. ಎಡಗೈಲಿ ತಟ್ಟೆ, ಬಲಗೈಲಿ ಕಲೆಸಿದ ಅನ್ನ. ಮೆಣಸು, ಖಾರ ಹತ್ತಿರೋ ಕೈನ ಯಾರಾದ್ರೂ ಕಣ್ಣಿಗೆ ಇಟ್ಕೊತಾರಾ? ಕಿವಿಗೂ ಇಟ್ಕೊಳ್ಳೋ ಹಾಗಿಲ್ಲ. ನೋಡ್ಲೇಬೇಕು, ಕೇಳ್ಲೇಬೇಕು. ಮೂಲೆಮನೆಯವಳು ಜೀವನದಲ್ಲಿ ಮೊದಲನೇ ಸಲ ದಿಂಬಿಲ್ಲದೆ ಒಂದು ದೆವ್ವದ ಸೀನ್ ನೋಡಿದ್ದು ಸಾರನ್ನದ ತಟ್ಟೆ ಹಿಡ್ಕೊಂಡಾಗ. ತುತ್ತು ಬಾಯಿಗೆ ಹೋಗದೆ ಕೈಯಲ್ಲೇ ನಿಂತಿತ್ತು, ಆದ್ರೆ ಕಣ್ಣು ಮುಚ್ಚಲಿಲ್ಲ. ಅವತ್ತಿಂದ ಇದೇ ಊಟ ಅಂತ ಆಯ್ತು. ಬೆಚ್ಚಗೆ ಹೊಟ್ಟೆಗೆ ಏನೋ ಇಳೀತಿದ್ರೆ ಮೈ ಅಷ್ಟೊಂದು ನಡುಗಲ್ಲ ಅಂತಾನೂ ನನಗೆ ಅನ್ಸುತ್ತೆ.

ಸಾರು ಮಾಡೋದು ಏನು ಮಹಾ ಅಲ್ಲ. ನಾಲ್ಕು ಜನಕ್ಕೆ ಒಂದು ಸಣ್ಣ ಲೋಟ ತೊಗರಿಬೇಳೆ, ಚಿಟಿಕೆ ಅರಿಶಿನ, ಎರಡು ತೊಟ್ಟು ಎಣ್ಣೆ ಹಾಕಿ ಕುಕ್ಕರಲ್ಲಿ ನಾಲ್ಕು ಸೀಟಿ. ಮೂರು ಹುಳಿ ಟೊಮೇಟೊ ಕಿವುಚಿ, ಸಣ್ಣ ಗೋಲಿಯಷ್ಟು ಹುಣಸೆಹಣ್ಣಿನ ರಸ, ಉಪ್ಪು, ಒಂದು ಉಗುರಿನಷ್ಟು ಬೆಲ್ಲ, ಎರಡು ಚಮಚ ಸಾರಿನಪುಡಿ. ಪುಡಿ ಊರಿಂದ ಅಮ್ಮ ಕಳ್ಸೋದು, ಅದರಲ್ಲಿ ಸ್ವಲ್ಪ ಕೊಬ್ಬರಿ ಇರುತ್ತೆ, ತಿಪಟೂರಿನವ್ರಿಗೆ ಕೊಬ್ಬರಿ ಇಲ್ಲದ ಅಡುಗೆ ಯಾವ್ದಿದೆ ಹೇಳಿ. ಪುಡಿಯ ಹಸಿ ವಾಸನೆ ಹೋಗೋ ತನಕ ಕುದ್ದ ಮೇಲೆ ಬೇಳೆ ಕಟ್ಟು ಹಾಕಿ, ನೊರೆ ಏಳ್ತಿದ್ದ ಹಾಗೆ ಇಳಿಸಿ, ತುಪ್ಪದಲ್ಲಿ ಸಾಸಿವೆ ಇಂಗು ಕರಿಬೇವು ಒಂದು ಬ್ಯಾಡಗಿ ಮೆಣಸಿನಕಾಯಿ. ಒಗ್ಗರಣೆ ಚುಯ್ ಅಂದಾಗ ಬರೋ ವಾಸನೆಗೇ ಎಲ್ಲರೂ ಬಂದು ಚಾಪೆ ಮೇಲೆ ಕೂತಿರ್ತಾರೆ. ಟೈಮ್ ಉಳಿದ್ರೆ ಒಂದು ಬೀನ್ಸ್ ಪಲ್ಯ, ಇಲ್ಲಾಂದ್ರೆ ಮಾವಿನಕಾಯಿ ಉಪ್ಪಿನಕಾಯಿ.

ಎಲ್ಲಾ ಸಿನಿಮಾನೂ ತಡ್ಕೊಂಡು ನಿಲ್ಲಲ್ಲ, ಅದನ್ನೂ ಹೇಳ್ಬೇಕು. ಹಿಂದೀಲಿ ದೆವ್ವದ ಸಿನಿಮಾ ಮಾಡ್ತಿದ್ದ ರಾಮ್ಸೆ ಸಹೋದರರ 1984ರ "ಪುರಾನಾ ಮಂದಿರ್" ನೋಡಿ ಮಂಡಿಯವ್ರ ಮಗ ಒಂದು ವಾರ ಒಬ್ಬನೇ ಬಚ್ಚಲಿಗೆ ಹೋಗಿರ್ಲಿಲ್ಲವಂತೆ, ಈಗ ನೋಡಿದ್ರೆ ಅದರಲ್ಲಿರೋ ದೆವ್ವ ಸಾಮ್ರಿ ಬಂದಾಗ ಭಯ ಆಗ್ಲಿಲ್ಲ, ಬದಲಿಗೆ ಆ ಪಾತ್ರ ಮಾಡಿದ ಅನಿರುದ್ಧ್ ಅಗರ್ವಾಲ್ ಸಿವಿಲ್ ಇಂಜಿನಿಯರಿಂಗ್ ಓದಿದ್ದ ಮನುಷ್ಯ ಅಂತ ತಿಳಿದು ಅವರ ಮೇಲೆ ಪ್ರೀತಿನೇ ಬಂತು. ಮಧ್ಯದ ಕಾಮಿಡಿ ಟ್ರ್ಯಾಕ್ ಉದ್ದ ಆಯ್ತು, ಆದ್ರೂ ಮುಂದಕ್ಕೆ ಓಡಿಸಲಿಲ್ಲ. ಓಡಿಸಬಾರ್ದು ಅನ್ನೋದು ನಮ್ಮ ರೂಲ್. ಫೋನ್ ಮುಟ್ಟಬಾರ್ದು, ಓಡಿಸಬಾರ್ದು, ಹಾಲ್ ಲೈಟ್ ಆರಿಸಬೇಕು, ಅಡುಗೆಮನೆ ಲೈಟ್ ಮಾತ್ರ ಆರಿಸಬಾರ್ದು.

ಒಂದ್ಸಲ ಆಫೀಸಿನ ತ್ರಿಶ್ಶೂರಿನ ಗೆಳೆಯ ಒಬ್ಬ ಬಂದಿದ್ದ. ಅವತ್ತು "ಆಪ್ತಮಿತ್ರ". 2004ರ ಏಪ್ರಿಲ್‌ನಲ್ಲಿ ಅದರ ನಾಯಕಿ ಸೌಂದರ್ಯ ವಿಮಾನ ಅಪಘಾತದಲ್ಲಿ ಹೋದ್ರು, ಆಗಸ್ಟಲ್ಲಿ ಸಿನಿಮಾ ಬಂತು, ಥಿಯೇಟರಲ್ಲಿ ನೋಡುವಾಗ ಅವರಿಲ್ಲ ಅನ್ನೋದೇ ತಲೇಲಿ ಇತ್ತು, ಸಿನಿಮಾದ ಭಯ ಯಾವ್ದು ಆ ಸಂಕಟ ಯಾವ್ದು ಅಂತ ಬಿಡಿಸೋಕೆ ಆಗ್ತಿರ್ಲಿಲ್ಲ. ನಮ್ಮ ಗೆಳೆಯನಿಗೆ ಅದೇ ಕಥೆ 1993ರ ಮಲಯಾಳಂ "ಮಣಿಚಿತ್ರತಾಳ್" ಆಗಿ ಗೊತ್ತು, ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿದ್ದು ಅದಕ್ಕೇ. ಅವನು ಒಂದು ಮಾತು ಹೇಳಿದ, ನಮಗೆ ಯಾರಿಗೂ ಹೊಳೆದಿರ್ಲಿಲ್ಲ. ನಾಯಕಿ ಮೈಮೇಲೆ ಬರೋ ಅವರ ನಾಗವಲ್ಲಿ ತಮಿಳು ಮಾತಾಡ್ತಾಳೆ, ನಮ್ಮ ನಾಗವಲ್ಲಿ ತೆಲುಗು. ಮನೆಯವಳು ಅನ್ಕೊಂಡಿದ್ದ ಹೆಂಗಸು ಇದ್ದಕ್ಕಿದ್ದ ಹಾಗೆ ಪಕ್ಕದ ಊರಿನ ಭಾಷೇಲಿ, ಅರ್ಧ ಅರ್ಥ ಆಗೋ ಭಾಷೇಲಿ ಮಾತಾಡಿದ್ರೆ ಎದೆ ಝಲ್ ಅನ್ನುತ್ತೆ. ಪೂರ್ತಿ ಗೊತ್ತಿಲ್ಲದ ಭಾಷೆಗೆ ಅಷ್ಟು ಭಯ ಆಗಲ್ಲ. ಇದನ್ನ ಅವನು ಎರಡನೇ ಸಲ ಸಾರು ಬಡಿಸ್ಕೊತಾ ಹೇಳಿದ್ದು.

ಆದ್ರೆ ನಮ್ಮ ನಿಜವಾದ ಭಯ ಇದ್ದಿದ್ದು ಟೀವೀಲಿ ಅಲ್ಲ, ಟೀವಿ ಆರಿಸಿದ ಮೇಲೆ. ಆಗ ಬೀದಿ ಬಾಗಿಲುಗಳ ಮೇಲೆ "ನಾಳೆ ಬಾ" ಅಂತ ಬರೆದಿರ್ತಿದ್ರು, ರಾತ್ರಿ ದೆವ್ವ ಗೊತ್ತಿರೋರ ದನೀಲಿ ಕರೆಯುತ್ತೆ, ಓಗೊಟ್ರೆ ಮುಗೀತು, ಬರೆದಿದ್ರೆ ಓದ್ಕೊಂಡು ವಾಪಸ್ ಹೋಗುತ್ತೆ ಅಂತ. ನಮ್ಮ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದು ನಾನೇ. ಸಾಲದು ಅಂತ ಅಟ್ಟ. ತಿಪಟೂರು ಕಡೆ ತೆಂಗಿನಕಾಯಿನ ಅಟ್ಟದ ಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಹಾಗೇ ಬಿಡ್ತಾರೆ, ಒಳಗಿನ ನೀರು ಇಂಗಿ ಕೊಬ್ಬರಿ ಗಿಟುಕಾಗಿ ಚಿಪ್ಪು ಬಿಡುತ್ತೆ, ಅಲ್ಲಾಡಿಸಿದ್ರೆ ಲೊಟಲೊಟ ಅನ್ನುತ್ತೆ. ರಾತ್ರಿ ಹೊತ್ತು ಇಲಿ ಓಡಾಡಿ ಒಂದು ಕಾಯಿ ಉರುಳಿದ್ರೆ ಸಾಕು, ತಲೆ ಮೇಲೆ ಗುಡುಗುಡು ಅಂತ ಯಾರೋ ನಡೆದ ಹಾಗೆ. ಅದು ಇಲಿ ಅಂತ ಗೊತ್ತು, ಕೊಬ್ಬರಿ ಅಂತ ಗೊತ್ತು, ಆದ್ರೂ ಕಂಬಳಿ ಒಳಗೆ ಒಬ್ಬೊಬ್ಬರೂ ನಮ್ಮ ನಮ್ಮ ಮನೇಲಿ ಬೆವರಿದ್ವಿ, ಬೆಳಗ್ಗೆ ಸ್ಕೂಲಿಗೆ ಹೋಗುವಾಗ ಯಾರೂ ಬಾಯಿ ಬಿಡ್ತಿರ್ಲಿಲ್ಲ. ನಾಲ್ಕು ಮನೆ ಅಟ್ಟದ ಮೇಲೂ ಅದೇ ಸದ್ದು ಆಗ್ತಿತ್ತು, ನಾಲ್ಕು ಜನಾನೂ ಎಚ್ಚರ ಇದ್ವಿ ಅಂತ ಒಬ್ಬರಿಗೊಬ್ಬರು ಹೇಳ್ಕೊಂಡಿದ್ದು ಈ ಶನಿವಾರಗಳಲ್ಲಿ. ಇಪ್ಪತ್ತೈದು ವರ್ಷ ಬೇಕಾಯ್ತು.

ಹೋದ ವರ್ಷ ಶ್ರಾವಣದಲ್ಲಿ ಅಮ್ಮ ಕಣ್ಣು ತೋರಿಸ್ಕೊಳ್ಳೋಕೆ ಬಂದಿದ್ರು. ಅವತ್ತು ಶನಿವಾರ. ಯಾವ ಸಿನಿಮಾ ಹಾಕ್ಲಿ ಅಂದಾಗ ಅಮ್ಮಾನೇ ಹೇಳಿದ್ದು, ಅದೇ ಅನಂತ್ ನಾಗ್‌ದು ಹಾಕು ಅಂತ. ಸಾರು ಮಾಡೋಕೆ ಅವರನ್ನ ಏಳೋಕೆ ಬಿಡ್ಲಿಲ್ಲ, ಮೇಷ್ಟ್ರ ಮಗ ಮಾಡಿದ, ಅವರು ಚಾಪೆ ಮೇಲೆ ಗೋಡೆಗೆ ಒರಗಿ ಕೂತ್ರು. ಶುರುವಾಗಿ ಸ್ವಲ್ಪ ಹೊತ್ತಿಗೆ ನನಗೆ ಗೊತ್ತಾಯ್ತು, ಅಮ್ಮ ಈ ಸಿನಿಮಾ ನೋಡೇ ಇಲ್ಲ. ಭಾನುವಾರ ಸಂಜೆ ಹಾಲ್ ತುಂಬಾ ಮಕ್ಕಳು, ಅವಳು ಒಳಗೆ ಎಲ್ಲರಿಗೂ ಸೇರಿಸಿ ಏನೋ ಮಾಡ್ತಾ ಇರೋಳು. ಅವಳಿಗೆ ಗೊತ್ತಿದ್ದಿದ್ದು ಗೋಡೆ ಆಚೆಯಿಂದ ಕೇಳಿಸಿದ ಸಿನಿಮಾ. ನನಗೆ ಹೇಳಿದ್ದ ಕಥೆ ಎಲ್ಲಾ ಕೇಳಿಸ್ಕೊಂಡು ಜೋಡಿಸಿದ್ದು.

ಮ್ಯೂಸಿಕ್ ಜೋರಾಗೋ ಜಾಗ ಬಂತು. "ಇದು ಇದು, ಇದೇ ಸದ್ದು" ಅಂದ್ರು ಅಮ್ಮ. "ಇದು ಬಂದಾಗೆಲ್ಲ ಒಳಗೆ ಒಬ್ಬಳೇ ಇರೋಕೆ ನನಗೆ ಎಷ್ಟು ಭಯ ಆಗೋದು ಗೊತ್ತೇನೇ. ಹಿತ್ತಲ ಬಾಗಿಲು ಬೇರೆ ತೆಗೆದಿರ್ತಿತ್ತು. ಸೌಟು ಹಿಡ್ಕೊಂಡು ನಿಂತಿರ್ತಿದ್ದೆ."

ನಾವು ಅಡುಗೆಮನೆ ಲೈಟ್ ಉರೀತಿದ್ರೆ ಸಾಕು ಧೈರ್ಯ ಅಂತ ಕೂತಿದ್ದ ಆ ಅಡುಗೆಮನೇಲಿ.

ಅಮ್ಮ ಮೇಷ್ಟ್ರ ಮಗನ ಕಡೆ ತಿರುಗಿದ್ರು. "ನೀನು ನೀರು ಅಂತ ಓಡಿ ಬರ್ತಿದ್ಯಲ್ಲ ಕಣೋ, ಸದ್ಯ ಬಂದ್ನಪ್ಪ ಅನ್ಸೋದು ನನಗೆ. ನಿಧಾನಕ್ಕೆ ಕುಡಿ ನಿಧಾನಕ್ಕೆ ಕುಡಿ ಅಂತಿದ್ದೆ, ಜ್ಞಾಪಕ ಇದ್ಯಾ?"

ಅವನು "ಇದೆ ಆಂಟಿ" ಅಂದ, ಇನ್ನೇನೂ ಅನ್ಲಿಲ್ಲ. ಎದ್ದು ಒಳಗೆ ಹೋಗಿ ಸಾರಿನ ಪಾತ್ರೆ, ಅನ್ನದ ಕುಕ್ಕರು, ನೀರಿನ ತಂಬಿಗೆ ಎಲ್ಲಾ ಹೊತ್ಕೊಂಡು ಬಂದು ಹಾಲ್‌ನಲ್ಲೇ ಇಟ್ಟ. ಅವತ್ತಿಂದ ಅವು ಹಾಲ್‌ನಲ್ಲೇ ಇರ್ತವೆ, ಸಿನಿಮಾ ಮುಗಿಯೋ ತನಕ ಯಾರೂ ಒಳಗೆ ಹೋಗಲ್ಲ.