ಮನೆಯಲ್ಲೇ ಮಾಡಿದ ಎಮಲ್ಷನ್, ಮೂರು ಬಣ್ಣದ ಗಮ್ ಪ್ರಿಂಟ್: ಎರಡು ಪದರ ಮುಗಿಯಿತು

ಹಳದಿ, ಮೆಜೆಂಟಾ ಎರಡೂ ಕಾಗದದ ಮೇಲೆ ಚೆನ್ನಾಗಿ ಕೂತಿವೆ. ಸಯಾನ್ (ಹಸಿರು ಛಾಯೆಯ ನೀಲಿ) ಒಂದು ಬಾಕಿ.

ಗಮ್ ಪ್ರಿಂಟ್ ಹೊಸದು ಅನ್ನುವವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಗೋಂದು, ವಾಟರ್‌ಕಲರ್ ಬಣ್ಣ, ಡೈಕ್ರೋಮೇಟ್ ಎಂಬ ರಾಸಾಯನಿಕ ಕಲಸಿ ಕಾಗದಕ್ಕೆ ಬಳಿಯಬೇಕು. ಒಣಗಿದ ಮೇಲೆ ನೆಗೆಟಿವ್ ಒತ್ತಿಟ್ಟು ಬಿಸಿಲಿಗೆ ಹಿಡಿಯಬೇಕು. ಬೆಳಕು ಬಿದ್ದ ಕಡೆ ಗೋಂದು ಗಟ್ಟಿಯಾಗಿ ಬಣ್ಣ ನಿಲ್ಲುತ್ತದೆ. ಉಳಿದದ್ದು ನೀರಿನಲ್ಲಿ ಬಿಟ್ಟುಹೋಗುತ್ತದೆ. (ಡೈಕ್ರೋಮೇಟ್ ವಿಷ. ಗ್ಲೌಸ್ ಇಲ್ಲದೆ ಮುಟ್ಟಲೇಬೇಡಿ.)

ಒಂದೊಂದು ಬಣ್ಣಕ್ಕೂ ಒಂದೊಂದು ನೆಗೆಟಿವ್ ಬೇಕು. ಕಂಪ್ಯೂಟರಿನಲ್ಲಿ ಬಣ್ಣ ಬೇರೆ ಮಾಡಿ ಪ್ಲಾಸ್ಟಿಕ್ ಹಾಳೆಗೆ ಇಂಕ್‌ಜೆಟ್ ಪ್ರಿಂಟ್ ಹಾಕಿಕೊಂಡರೆ ಕೆಲಸ ಸುಲಭ. ನನಗೆ ಮಾತ್ರ ನೆಗೆಟಿವ್ ಕೂಡ ಗಾಜಿನ ಮೇಲೆ, ಕೈಯಿಂದಲೇ ಆಗಬೇಕು ಅನ್ನುವ ಆಸೆ. ಗಾಜು ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಪದರದ ಮೇಲೆ ಪದರ ಸರಿಯಾಗಿ ಕೂರಿಸಲು ಅದಕ್ಕಿಂತ ಇನ್ನೇನು ಬೇಕು? ಕಾಗದವನ್ನು ಮೊದಲೇ ಬಿಸಿನೀರಿನಲ್ಲಿ ನೆನೆಸಿ ಕುಗ್ಗಿಸಿಕೊಂಡರಾಯಿತು.

ಜೆಲಟಿನ್, ಪೊಟ್ಯಾಸಿಯಂ ಬ್ರೋಮೈಡ್, ಸಿಲ್ವರ್ ನೈಟ್ರೇಟ್ ಸೇರಿಸಿ ಮಾಡಿದ, ಗಾಜಿಗೆ ಬಳಿಯುವ ಸಾದಾ ಎಮಲ್ಷನ್‌ಗೆ ಕಾಣುವುದು ನೀಲಿ ಬೆಳಕು ಮಾತ್ರ. ಸಾಮಾನ್ಯ ಫೋಟೋಕ್ಕೆ ಅದು ಕೊರತೆ. ಇಲ್ಲಿ ಅದೇ ಅನುಕೂಲ. ಹಳದಿ ಬಣ್ಣ ತಡೆಯುವುದು ನೀಲಿ ಬೆಳಕನ್ನು, ಮೆಜೆಂಟಾ ಹಸಿರನ್ನು, ಸಯಾನ್ ಕೆಂಪನ್ನು. ಹಾಗಾಗಿ ಹಳದಿ ಪದರಕ್ಕೆ ಬೇಕಾದದ್ದು ನೀಲಿಯ ನೆಗೆಟಿವ್ ತಾನೇ? ಫಿಲ್ಟರೇ ಬೇಡ. ಎಮಲ್ಷನ್‌ಗೆ ಡೈ ಬೆರೆಸಿದರೆ ಅದಕ್ಕೆ ಬೇರೆ ಬಣ್ಣಗಳೂ ಕಾಣುತ್ತವೆ ಎಂದು 1873ರಲ್ಲಿ ಜರ್ಮನಿಯ ಹರ್ಮನ್ ವೋಗೆಲ್ ಕಂಡುಕೊಂಡಿದ್ದರು. ಅದೇ ದಾರಿಯಲ್ಲಿ ಎರಡನೇ ಗಾಜಿನ ಪ್ಲೇಟಿಗೆ ಎರಿಥ್ರೋಸಿನ್ ಎಂಬ ಡೈ ಹಾಕಿದೆ. ಅದಕ್ಕೆ ಹಸಿರೂ ಕಂಡಿತು. ಲೆನ್ಸ್ ಮುಂದೆ ಗಾಢ ಹಳದಿ ಫಿಲ್ಟರ್ ಇಟ್ಟು ನೀಲಿಯನ್ನು ತಡೆದೆ. ಮೆಜೆಂಟಾ ನೆಗೆಟಿವ್ ಹೀಗೆ ಬಂತು. ಕೆಂಪಿಗೆ ಬೇಕಾದ ಡೈ ಸಿಗುವುದು ಕಷ್ಟ. ಅದೊಂದಕ್ಕೆ ಅಂಗಡಿಯ ಪ್ಯಾಂಕ್ರೊಮ್ಯಾಟಿಕ್ (ಎಲ್ಲ ಬಣ್ಣವೂ ಕಾಣುವ) ಶೀಟ್ ಫಿಲಂ, ಮುಂದೆ ಕೆಂಪು ಫಿಲ್ಟರ್.

ಚಿತ್ರಕ್ಕೆ ಇಟ್ಟದ್ದು ಬಿಳಿ ತಟ್ಟೆಯಲ್ಲಿ ಬಾಳೆಹಣ್ಣು, ಕುಂಕುಮ, ವೀಳ್ಯದೆಲೆ. ಎಲೆ ಬಾಡುವ ಮೊದಲು ಮೂರೂ ನೆಗೆಟಿವ್ ತೆಗೆದುಕೊಂಡೆ. ನೀಲಿ ಪ್ಲೇಟನ್ನು ಬೆಳಕಿಗೆ ಹಿಡಿದರೆ ತಟ್ಟೆ ಕಪ್ಪು, ಉಳಿದ ಮೂರೂ ಹೆಚ್ಚುಕಡಿಮೆ ಬರೀ ಗಾಜು. ಹಸಿರಿನ ಪ್ಲೇಟಿನಲ್ಲಿ ಬಾಳೆಹಣ್ಣು ಕಪ್ಪಾಗಿದೆ, ಕುಂಕುಮ ಮಾತ್ರ ತಿಳಿ. ಪ್ರಿಂಟಿನಲ್ಲಿ ಹಳದಿಯ ಮೇಲೆ ಮೆಜೆಂಟಾ ಬಿದ್ದು, ನೀರಿನ ಟ್ರೇನಲ್ಲಿ ಬೇಡದ ಬಣ್ಣ ನಿಧಾನಕ್ಕೆ ಬಿಟ್ಟುಕೊಳ್ಳುತ್ತಿದ್ದಂತೆ, ಕುಂಕುಮ ಕೆಂಪಾಗಿ ಎದ್ದು ಬಂತು. ಎಂಥ ಖುಷಿ ಗೊತ್ತಾ! ಟ್ಯೂಬಿನಿಂದ ಕೆಂಪು ಬಣ್ಣ ಒಂದು ಚೂರೂ ಹಾಕಿಲ್ಲ.

ಎಲೆ ಸದ್ಯಕ್ಕೆ ಕಂದು ಹಳದಿ. ಅದು ಹಸಿರಾಗುವುದು ಸಯಾನ್ ಬಂದ ಮೇಲೆಯೇ. ಅದಕ್ಕೆ ಹಾಕುವ ಥ್ಯಾಲೊ ನೀಲಿ ಜೋರು ಬಣ್ಣ, ತೀರಾ ತೆಳ್ಳಗೆ ಕಲಸಬೇಕು. ಶೀಟ್ ಫಿಲಂನ ನೆಗೆಟಿವ್ ಪ್ಲೇಟುಗಳಿಗಿಂತ ಸಪ್ಪೆಯಾಗಿದೆ, ಹಾಗಾಗಿ ಮೊದಲು ತುಂಡು ಕಾಗದದ ಮೇಲೆ ಪರೀಕ್ಷೆ. ಈಗ ಮಳೆಗಾಲದ ತೇವ ಜಾಸ್ತಿ. ಬಳಿದ ಪದರ ಕತ್ತಲಲ್ಲೇ ತಾನಾಗಿ ಗಟ್ಟಿಯಾಗಿಬಿಡುತ್ತದೆ. ನಾಲ್ಕು ದಿನ ಒಣ ಬಿಸಿಲು ಬಂದ ಕೂಡಲೇ ಬಳಿಯುತ್ತೇನೆ.