ಆರನೇ ಜಾಗ ಇನ್ನೂ ಖಾಲಿ

ನನ್ನ ಮೇಜಿನ ಎರಡನೇ ಡ್ರಾಯರ್‌ಗೆ ಬೀಗ ಇದೆ. ಒಳಗೆ ಮರದ ಒಂದು ಟ್ರೇ, ಅದರಲ್ಲಿ ಆರು ಜಾಗ. ಐದರಲ್ಲಿ ಮಡಚುವ ಚಾಕುಗಳಿವೆ. ಆರನೆಯದು ಖಾಲಿ. 2018ರಲ್ಲಿ ಟ್ರೇ ಮಾಡಿಸಿದಾಗಿನಿಂದಲೂ ಖಾಲಿ. ಹೋದ ವಾರ ಮಗಳು ಅದನ್ನು ನೋಡಿ, "ಅಪ್ಪಾ, ಇದಕ್ಕೆ ಯಾವಾಗ ತರ್ತೀಯ?" ಅಂತ ಕೇಳಿದಳು. "ತರೋಣ, ಆತುರ ಏನಿದೆ?" ಅಂದೆ. ಬಾಯಿಮಾತಿಗೆ ಹಾಗಂದಿದ್ದಲ್ಲ. ನಿಜಕ್ಕೂ ಆತುರ ಇಲ್ಲ.

ಹಿಂದೆ ಹಾಗಿರಲಿಲ್ಲ. 2012ರಲ್ಲಿ ಅಣ್ಣ ನನಗೊಂದು ಕೆಂಪು ಹಿಡಿಯ ವಿಕ್ಟೋರಿನಾಕ್ಸ್ ಕೊಟ್ಟ, ಸ್ವಿಸ್ ಕಂಪನಿಯ ಮಡಚುವ ಚಾಕು. ಮಡಚಿದರೆ 91 ಮಿಲಿಮೀಟರ್ ಉದ್ದ. ಅಲಗನ್ನು ಉಗುರಿನಿಂದ ಎತ್ತಿ ಅರ್ಧ ದಾಟಿಸಿದರೆ ಸಾಕು, ಉಳಿದರ್ಧವನ್ನು ಒಳಗಿನ ಸ್ಪ್ರಿಂಗ್ ತಾನೇ ಎಳೆದುಕೊಂಡು "ಟಕ್" ಅಂತ ನಿಲ್ಲಿಸುತ್ತದೆ. ಆ ಟಕ್ ನನ್ನನ್ನು ಹಿಡಿದುಬಿಟ್ಟಿತು. ಆಮೇಲೆ ರಾತ್ರಿಯೆಲ್ಲ ಫೋನಿನಲ್ಲಿ ಚಾಕು ನೋಡುವುದು, ಆರ್ಡರ್ ಮಾಡುವುದು, ಬಂದ ದಿನ ಹತ್ತು ಸಲ ತೆರೆದು ಮುಚ್ಚುವುದು, ಮರುದಿನ ಇನ್ನೊಂದನ್ನು ಹುಡುಕುವುದು. ಐದು ವರ್ಷದಲ್ಲಿ 43 ಚಾಕು ಸೇರಿದವು. ಕೆಲವನ್ನು ಸುತ್ತಿ ಬಂದಿದ್ದ ಎಣ್ಣೆ ಕಾಗದದಿಂದ ಬಿಡಿಸಿಯೂ ಇರಲಿಲ್ಲ.

ಅವುಗಳಲ್ಲಿ ಒಂದು ಹಳೆಯ ಚಾಕು ಇತ್ತು. ಆಮೆ ಚಿಪ್ಪಿನ ಬಣ್ಣದ, ಬೆಳಕಿಗೆ ಹಿಡಿದರೆ ಜೇನಿನಂತೆ ಹೊಳೆಯುವ ಹಿಡಿ. ಅದು ಸೆಲ್ಯುಲಾಯ್ಡ್, ಹಳೆಯ ಕಾಲದ ಒಂದು ಬಗೆಯ ಪ್ಲಾಸ್ಟಿಕ್. ನನಗೆ ಆಗ ಅದರ ಬಗ್ಗೆ ಏನೂ ಗೊತ್ತಿರಲಿಲ್ಲ. ಉಳಿದ ಚಾಕುಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಟ್ಟು, ತೇವ ತಾಗಬಾರದು ಅಂತ ಸಿಲಿಕಾ ಜೆಲ್ ಹಾಕಿ ಮುಚ್ಚಿದ್ದೆ. 2017ರಲ್ಲಿ ಒಂದು ದಿನ ಮುಚ್ಚಳ ತೆಗೆದರೆ ಕರ್ಪೂರದ ಜೊತೆ ಏನೋ ಹುಳಿ ಘಾಟು ಸೇರಿದಂಥ ವಾಸನೆ ಮೂಗಿಗೆ ಹೊಡೆಯಿತು. ಆ ಹಿಡಿ ಬಿರುಕು ಬಿಟ್ಟು ಪುಡಿಯಾಗುತ್ತಿತ್ತು. ಪಕ್ಕದಲ್ಲಿದ್ದ ಚಾಕುಗಳ ಹಿತ್ತಾಳೆ ಹಸಿರು ಹಿಡಿದಿತ್ತು. ಅಲಗುಗಳ ಮೇಲೆ ತುಕ್ಕು, ಹತ್ತಿರದವಕ್ಕೆ ಜಾಸ್ತಿ, ದೂರದವಕ್ಕೆ ಕಮ್ಮಿ.

ಆಮೇಲೆ ಓದಿ ತಿಳಿದೆ. ಸೆಲ್ಯುಲಾಯ್ಡ್ ಮಾಡುವುದೇ ನೈಟ್ರೋಸೆಲ್ಯುಲೋಸ್‌ಗೆ ಕರ್ಪೂರ ಬೆರೆಸಿ. ಹಳತಾದ ಮೇಲೆ ಅದು ಕೊಳೆಯತೊಡಗಿದರೆ ಆಮ್ಲದ ಹೊಗೆ ಬಿಡುತ್ತದೆ, ಸುತ್ತಲಿನ ಲೋಹವನ್ನೆಲ್ಲ ತಿನ್ನುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಆ ಹೊಗೆಗೆ ಹೊರಗೆ ಹೋಗಲು ದಾರಿಯೂ ಇಲ್ಲ. ನಿಮ್ಮ ಹತ್ತಿರ ಇಂಥ ಹಿಡಿಯ ಹಳೆಯ ಚಾಕು ಇದ್ದರೆ ದಯವಿಟ್ಟು ಬೇರೆಯಾಗಿ, ಗಾಳಿಯಾಡುವ ಕಡೆ ಇಡಿ. ಬೆಂಕಿಯ ಹತ್ತಿರವಂತೂ ಬೇಡ, ಬೇಗ ಹೊತ್ತಿಕೊಳ್ಳುವ ವಸ್ತು ಅದು. ಚರ್ಮದ ಒರೆಯೂ ಅಷ್ಟೇ. ಚಾಕುವನ್ನು ತಿಂಗಳುಗಟ್ಟಲೆ ಅದರಲ್ಲೇ ಬಿಟ್ಟರೆ ಚರ್ಮ ತೇವ ಹಿಡಿದಿಟ್ಟುಕೊಂಡು ಅಲಗಿಗೆ ಕಲೆ ಬೀಳಿಸುತ್ತದೆ.

ತುಕ್ಕು ಹಿಡಿದಿದ್ದಕ್ಕೆ ಬೇಜಾರಾಯಿತು, ನಿಜ. ಆದರೆ ಅದಕ್ಕಿಂತ ಜಾಸ್ತಿ ಚುಚ್ಚಿದ್ದು ಇನ್ನೊಂದು. ಆ ಡಬ್ಬಿಯನ್ನು ನಾನು ಏಳು ತಿಂಗಳಿಂದ ತೆರೆದೇ ಇರಲಿಲ್ಲ. ಇಷ್ಟಪಟ್ಟು ತಂದಿದ್ದ ವಸ್ತುಗಳು ಹಾಳಾಗುತ್ತಿದ್ದಾಗ ನಾನು ಇನ್ನೂ ನಾಲ್ಕು ಹೊಸದನ್ನು ಕೊಂಡಿದ್ದೆ.

ಆ ವಾರ ಒಂದು ನೋಟ್‌ಬುಕ್ ತೆಗೆದು ಬರೆಯುತ್ತಾ ಕೂತೆ. ಚಾಕುವಿನಲ್ಲಿ ನನಗೆ ನಿಜವಾಗಿ ಇಷ್ಟ ಯಾವುದು? ಹೆಸರಲ್ಲ, ಉಕ್ಕಿನ ನಂಬರ್ ಅಲ್ಲ. ತೆರೆದ ಅಲಗು ಬೆರಳ ಮೇಲೆ ಮಡಚಿಕೊಳ್ಳದಂತೆ ಹೇಗೆ ನಿಲ್ಲುತ್ತದೆ ಅನ್ನುವುದು. ಅಣ್ಣ ಕೊಟ್ಟ ಚಾಕುವಿನ ಆ "ಟಕ್". ಹಾಗಾದರೆ ನಿಲ್ಲುವ ಒಂದೊಂದು ಬಗೆಗೂ ಒಂದೇ ಚಾಕು ಸಾಕು, ಅಲ್ವಾ? ಹಾಗೆ ಆರು ಬಗೆ ಬರೆದೆ. ಇನ್ನೂ ಎಷ್ಟೋ ಬಗೆ ಇವೆ, ನನಗೆ ಆರು ಸಾಕಿತ್ತು. ಕೈಯಲ್ಲಿದ್ದವುಗಳಲ್ಲಿ ನಾಲ್ಕು ಇಟ್ಟುಕೊಂಡೆ. ಉಳಿದ ಒಳ್ಳೆಯವನ್ನು ಬಳಸುವವರಿಗೆ ಕೊಟ್ಟೆ.

ಅಂದಿನಿಂದ ಕೊಂಡಿದ್ದು ಒಂದೇ ಒಂದು, ಹಿಗೋನೊಕಾಮಿ. ಜಪಾನಿನ ಮಿಕಿ ಊರಿನದು. 19ನೇ ಶತಮಾನದ ಕೊನೆಗೆ ಹುಟ್ಟಿದ ಚಾಕು. ಆ ಹೆಸರಿನಲ್ಲಿ ಮಾಡುವ ಹಕ್ಕು ಈಗ ಒಂದೇ ಕಾರ್ಖಾನೆಗೆ ಉಳಿದಿದೆ. ಇದರಲ್ಲಿ ಲಾಕ್ ಇಲ್ಲ, ಸ್ಪ್ರಿಂಗ್ ಕೂಡ ಇಲ್ಲ. ಮಡಚಿದ ತಗಡೇ ಹಿಡಿ. ಅಲಗಿನ ಹಿಂದೆ ಬಾಲದಂತೆ ಒಂದು ಸಣ್ಣ ಕಡ್ಡಿ ಚಾಚಿಕೊಂಡಿದೆ. ತೆರೆದಾಗ ಅದು ಹಿಡಿಯ ಬೆನ್ನ ಮೇಲೆ ಬಂದು ಕೂರುತ್ತದೆ, ನಾವು ಅದರ ಮೇಲೆ ಹೆಬ್ಬೆರಳು ಒತ್ತಿ ಹಿಡಿಯಬೇಕು. ಅಂದರೆ ಇಲ್ಲಿ ನಮ್ಮ ಹೆಬ್ಬೆರಳೇ ಲಾಕ್. ಗಮನ ಬೇರೆ ಕಡೆ ಹೋದರೆ ಈ ಚಾಕು ಹಿಡಿಯಲು ಆಗುವುದೇ ಇಲ್ಲ. ನನಗೆ ಅದಕ್ಕೇ ಅದು ಅಷ್ಟು ಇಷ್ಟ.

ಮೊದಲೇ ಇಟ್ಟುಕೊಂಡ ನಾಲ್ಕರಲ್ಲಿ ವಿಕ್ಟೋರಿನಾಕ್ಸ್ ಸ್ಪ್ರಿಂಗಿನ ಬಗೆ. ಆ ಕಂಪನಿ ಕಟ್ಟಿದ ಕಾರ್ಲ್ ಎಲ್ಸೆನರ್ ತನ್ನ ಆಫೀಸರ್ ಚಾಕುವನ್ನು ನೋಂದಾಯಿಸಿದ್ದು 1897ರಲ್ಲಿ. ಒಂದೇ ಸ್ಪ್ರಿಂಗ್ ಹಿಡಿಯ ಎರಡೂ ಬದಿಯ ಅಲಗುಗಳನ್ನು ನೋಡಿಕೊಳ್ಳುವಂತೆ ಮಾಡಿದ್ದು ಅವನ ಜಾಣ್ಮೆ. ಅಮೆರಿಕದ ಬಕ್ 110 ಚಾಕುವಿನಲ್ಲಿ ಹಿಡಿಯ ಬೆನ್ನಿನಲ್ಲಿರುವ ಉಕ್ಕಿನ ಪಟ್ಟಿ ಅಲಗಿನ ಹಿಂಬದಿಯ ಸಣ್ಣ ಕಚ್ಚಿನೊಳಗೆ ಕೂತು ಹಿಡಿದುಕೊಳ್ಳುತ್ತದೆ. 1960ರ ದಶಕದಲ್ಲಿ ಬಂದ ಮಾದರಿ, ಮರ ಮತ್ತು ಹಿತ್ತಾಳೆಯ ಹಿಡಿ, 200 ಗ್ರಾಂ ಹತ್ತಿರ ತೂಗುತ್ತದೆ. ಇನ್ನೊಂದು ಲೈನರ್ ಲಾಕಿನದು, ಅಂದರೆ ಹಿಡಿಯೊಳಗಿನ ತೆಳು ಲೋಹದ ಪಟ್ಟಿ ಅಲಗಿನ ಹಿಂದೆ ಅಡ್ಡ ನಿಲ್ಲುವಂಥದ್ದು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಚೆನ್ನಾಗಿ ಕೆಲಸ ಮಾಡುತ್ತದೆ.

ದಿನವೂ ಕೈಗೆ ಬರುವುದು ಓಪಿನೆಲ್ 8ನೇ ನಂಬರ್. ಜೋಸೆಫ್ ಓಪಿನೆಲ್ 1890ರಲ್ಲಿ ಫ್ರಾನ್ಸಿನ ಸವೊಯ್‌ನಲ್ಲಿ ಶುರು ಮಾಡಿದ ಚಾಕು. ಕುತ್ತಿಗೆಯ ಹತ್ತಿರ ತಿರುಗಿಸುವ ಉಕ್ಕಿನ ಬಳೆ ಬಂದಿದ್ದು 1955ರಲ್ಲಿ. ತೆರೆದು ಬಳೆ ತಿರುಗಿಸಿದರೆ ಅಲಗು ಅಲ್ಲಾಡುವುದಿಲ್ಲ. ಬೀಚ್ ಅನ್ನುವ ಮರದ ಹಿಡಿ ತೇವ ಕುಡಿದರೆ ಉಬ್ಬಿಕೊಂಡು ಅಲಗನ್ನು ಬಿಗಿಹಿಡಿಯುತ್ತದೆ. ಆಗ ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಮೆಲ್ಲಗೆ ಕುಟ್ಟಿದರೆ ಅಲಗು ಸ್ವಲ್ಪ ಹೊರಗೆ ತಲೆ ಹಾಕುತ್ತದೆ. ನನ್ನದು ಕಾರ್ಬನ್ ಉಕ್ಕಿನದು. ಮೊದಮೊದಲು ಕನ್ನಡಿಯಂತಿತ್ತು. ಹಣ್ಣು, ಈರುಳ್ಳಿ ಹೆಚ್ಚಿ ಹೆಚ್ಚಿ ಈಗ ಬೂದುಬಣ್ಣಕ್ಕೆ ತಿರುಗಿದೆ. ಓರೆಯಾಗಿ ನೋಡಿದರೆ ಮೊನೆಯ ಹತ್ತಿರ ನೀಲಿ, ನಡುವೆ ಕಂದು. ಈ ಪದರವೇ ಕೆಂಪು ತುಕ್ಕನ್ನು ತಡೆಯಲು ಒಂದಿಷ್ಟು ನೆರವಾಗುತ್ತದೆ.

ಇನ್ನು ಆ ಖಾಲಿ ಜಾಗ. ಅದು ಫ್ರೇಮ್ ಲಾಕ್ ಅನ್ನುವ ಬಗೆಗೆ, ಚಾಕು ತಯಾರಕ ಕ್ರಿಸ್ ರೀವ್ ಅವರ ಸೆಬೆಂಜಾ ಚಾಕುವಿಗೆ. ದಕ್ಷಿಣ ಆಫ್ರಿಕಾದ ಜುಲು ಭಾಷೆಯಲ್ಲಿ ಸೆಬೆಂಜಾ ಅಂದರೆ ಕೆಲಸ. ಗೆಳೆಯನೊಬ್ಬನ ಹತ್ತಿರ ಇದೆ, ಕೈಯಲ್ಲಿ ಹಿಡಿದು ನೋಡಿದ್ದೇನೆ. ಟೈಟಾನಿಯಂ ಹಿಡಿಯ ಒಂದು ಭಾಗವೇ ಒಳಕ್ಕೆ ಬಾಗಿ ಅಲಗಿಗೆ ಆನಿಕೊಳ್ಳುತ್ತದೆ, ಪ್ರತ್ಯೇಕ ಪಟ್ಟಿ ಬೇಕಿಲ್ಲ. ಬೆಣ್ಣೆಯಂತೆ ತೆರೆದುಕೊಂಡಿತು. ದುಬಾರಿ. ಸ್ವಲ್ಪ ಸ್ವಲ್ಪವೇ ದುಡ್ಡು ಎತ್ತಿಡುತ್ತಿದ್ದೇನೆ. ಮಗಳ ಓದು ಮುಗಿದ ಮೇಲೆ ತರಬಹುದು, ಅಥವಾ ನನಗೆ ಅರವತ್ತು ತುಂಬಿದಾಗ. ಅವತ್ತು ಗೆಳೆಯನ ಮನೆಯಿಂದ ಬಂದವನು ಡ್ರಾಯರ್ ತೆರೆದು ಓಪಿನೆಲ್ ತೆಗೆದು ಸೇಬು ಹೆಚ್ಚಿದೆ. ಮನಸ್ಸಿನಲ್ಲಿ ಕೊರತೆ ಏನೂ ಕಾಣಲಿಲ್ಲ. ನನಗೇ ಆಶ್ಚರ್ಯವಾಯಿತು.

ತಿಂಗಳಿಗೊಂದು ಭಾನುವಾರ ಐದನ್ನೂ ಹೊರಗೆ ತೆಗೆಯುತ್ತೇನೆ. ಒರೆಸಿ, ಅಲಗು ತಿರುಗುವ ಕೀಲಿಗೆ ಒಂದು ಹನಿ ಮಿನರಲ್ ಆಯಿಲ್ ಬಿಡುತ್ತೇನೆ. ಮಸೆಯುವುದು ಬೇಕಾದಾಗ ಮಾತ್ರ. 1000 ಗ್ರಿಟ್ (ಕಲ್ಲು ಎಷ್ಟು ನಯ ಅನ್ನುವ ಅಳತೆ) ಕಲ್ಲಿನ ಮೇಲೆ ಒಂದು ಬದಿ ಎಳೆಯುತ್ತಾ ಹೋದರೆ ಇನ್ನೊಂದು ಬದಿಯ ಅಂಚಿನಲ್ಲಿ ಕಣ್ಣಿಗೆ ಕಾಣದ ಒಂದು ತರಿ ಏಳುತ್ತದೆ. ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಕಡೆ ಸವರಿದರೆ ತಾಗುತ್ತದೆ. ಅದು ಮೊನೆಯವರೆಗೂ ತಾಗಿದರೆ ಆ ಬದಿ ಮುಗಿಯಿತು, ತಿರುಗಿಸಬೇಕು. ಕೊನೆಗೆ ಚರ್ಮದ ಪಟ್ಟಿಯ ಮೇಲೆ ಹಿಮ್ಮುಖವಾಗಿ ಎಳೆದು ಆ ತರಿಯನ್ನು ತೆಗೆಯುತ್ತೇನೆ.

ಪ್ರತಿ ಜನವರಿಯಲ್ಲಿ ಇನ್ನೊಂದು ಕೆಲಸ ಇದೆ. ಓಪಿನೆಲ್‌ನ ಅಲಗನ್ನು ಅದೇ ನೋಟ್‌ಬುಕ್‌ನ ಅದೇ ಹಾಳೆಯ ಮೇಲೆ ಮಲಗಿಸಿ, ಬೆನ್ನು ಮೊದಲ ಗೆರೆಗೆ ಕೂರುವಂತೆ ಹೊಂದಿಸಿ, ಚೂಪಾದ ಪೆನ್ಸಿಲ್‌ನಿಂದ ಸುತ್ತ ಗೆರೆ ಎಳೆಯುತ್ತೇನೆ. 2018ರದ್ದು ಹೊರಗಿನ ಗೆರೆ. ಅಂಚಿನ ಕಡೆ ಆಮೇಲಿನವು ಒಂದರೊಳಗೊಂದು ಕೂಡಿಕೊಂಡು ಒಂದೇ ದಪ್ಪ ಗೆರೆಯಂತೆ ಕಾಣುತ್ತವೆ. ಭೂತಗನ್ನಡಿ ಹಿಡಿದರೆ ಮಾತ್ರ ಬೇರೆಬೇರೆ. ಒಟ್ಟು ಸವೆದಿರುವುದು ಒಂದು ಮಿಲಿಮೀಟರ್ ಇರಬಹುದು. ಇದೇ ಹಾಳೆಯ ಮೇಲೆ ಮೂವತ್ತು ಗೆರೆ ನೋಡಬೇಕು ಅಂತ ನನ್ನಾಸೆ. ಈ ವರ್ಷ ಮಗಳು ಅಲಗನ್ನು ಬೆನ್ನ ಕಡೆಯಿಂದ ಒತ್ತಿ ಹಿಡಿದುಕೊಂಡಳು, ಪೆನ್ಸಿಲ್ ನಾನು ಹಿಡಿದೆ. "ಅಪ್ಪಾ, ಅಲ್ಲಾಡಿಸ್ಬೇಡ" ಅಂದಳು.